ಶ್ರುತಪಂಚಮಿಗೊಂದು ಶಾಸ್ತ್ರಪೆಟ್ಟಿಗೆ

ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನ ಸಮಾಜವು ಶ್ರುತಪಂಚಮಿಯೆಂದು ಆಚರಿಸುತ್ತ ಬಂದಿರುವುದು ಸರ್ವವಿದಿತ. ಆ ದಿನ ಬಸದಿಗಳ ಶಾಸ್ತ್ರಭಂಡಾರವನ್ನು ತೆರೆದು, ಗ್ರಂಥಗಳನ್ನು ಹೊರತೆಗೆದು, ಧೂಳನ್ನು ಒರಸಿ, ನೆರಳಿನಲ್ಲಿ ಗಾಳಿಗೆ ಹರವಿ, ಹೊಸ ವಸ್ತ್ರದಲ್ಲಿ ಕಟ್ಟಿ, ಪೂಜಿಸಿ ಮತ್ತೆ ಪೆಟ್ಟಿಗೆಯಲ್ಲಿ ಇರಿಸುವ ಪದ್ಧತಿಯಿದೆ. ಪೂಜೆಯ ವಿಧಿಯನ್ನು ತಿಳಿಸುವ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಗ್ರಂಥವನ್ನು ಇರಿಸುವ ಆ ಪೆಟ್ಟಿಗೆ ಹೇಗಿರಬೇಕು, ಅದನ್ನು ಯಾವ ಅಳತೆಯಲ್ಲಿ ಮಾಡಬೇಕು, ಏನಿಂದ ಅಲಂಕರಿಸಬೇಕು, ಏನಿಂದ ಅಲಂಕರಿಸಬಾರದು ಎಂಬುದನ್ನು ವಿವರಿಸುವವರು ವಿರಳ. ಪಾಠಶಾಲೆಯ ಮಕ್ಕಳೂ ಮನೆಯ ಶ್ರಾವಿಕೆಯರೂ ಹಬ್ಬಕ್ಕೆ ಮುಂಚೆ ತಮ್ಮ ಕೈಯಾರೆ ಮಾಡಬಹುದಾದ ಕೆಲಸವಿದು. ಆದಕಾರಣ ಇಲ್ಲಿ ಅದರ ವಿಚಾರವನ್ನೇ ಸ್ವಲ್ಪ ವಿಸ್ತಾರವಾಗಿ ಹೇಳಲಾಗಿದೆ.

ಈ ಪರ್ವದ ಮೂಲಕಥೆಯನ್ನು ಒಮ್ಮೆ ಸ್ಮರಿಸುವುದು ಉಚಿತ. ಗಿರನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ಆಯುಷ್ಯ ತೀರುತ್ತ ಬಂದಿರುವುದನ್ನೂ, ತಮ್ಮೊಂದಿಗೇ ಅಂಗಜ್ಞಾನವು ಲೋಪವಾಗುವ ಭಯವನ್ನೂ ಕಂಡು, ದಕ್ಷಿಣಾಪಥದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಅವರೇ ಪುಷ್ಪದಂತ, ಭೂತಬಲಿಗಳು. ಕಲಿತು ಮರಳಿದ ಮೇಲೆ ಅಂಕುಲೇಶ್ವರದಲ್ಲಿ ವರ್ಷಾಯೋಗವನ್ನು ಕಳೆದು ಪುಷ್ಪದಂತರು ವನವಾಸ ದೇಶಕ್ಕೂ, ಭೂತಬಲಿಗಳು ದ್ರಾವಿಡ ದೇಶಕ್ಕೂ ನಡೆದರೆಂದು ಪರಂಪರೆ ಹೇಳುತ್ತದೆ. ವನವಾಸವೆಂದರೆ ಇಂದಿನ ಬನವಾಸಿ. ಷಟ್ಖಂಡಾಗಮದ ಮೊದಲ ಭಾಗ ಕನ್ನಡನಾಡಿನಲ್ಲಿಯೂ ಉಳಿದುದು ತಮಿಳುನಾಡಿನಲ್ಲಿಯೂ ರಚಿತವಾಯಿತೆಂದ ಹಾಗಾಯಿತು. ಕೃತಿಯು ಪೂರ್ಣಗೊಂಡು ಪುಸ್ತಕಾರೂಢವಾದಾಗ ಚತುರ್ವಿಧ ಸಂಘವು ಅದನ್ನು ಪೂಜಿಸಿದ ದಿನವೇ ಶ್ರುತಪಂಚಮಿ. ಕಿವಿಯಿಂದ ಕಿವಿಗೆ ಹರಿಯುತ್ತಿದ್ದ ಜ್ಞಾನ ಅಂದಿನಿಂದ ಒಂದು ವಸ್ತುವಾಯಿತು. ವಸ್ತುವೆಂದ ಮೇಲೆ ಅದಕ್ಕೆ ನೀರಿನ ಭಯ, ಬೆಂಕಿಯ ಭಯ, ಹುಳುವಿನ ಭಯ. ಪೆಟ್ಟಿಗೆಯ ಅಗತ್ಯ ಹುಟ್ಟಿದ್ದು ಅಲ್ಲಿ.

ಕನ್ನಡ, ತಮಿಳು ದೇಶಗಳೆರಡೂ ಸೇರುವ ಸೀಮೆಯಲ್ಲಿ, ಹೊಸೂರಿಗೂ ಧರ್ಮಪುರಿಗೂ ನಡುವಣ ರೈಲುಮಾರ್ಗದಲ್ಲಿ ಮಾರಂಡಹಳ್ಳಿಯಿದೆ. 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದು, ಆ ವರ್ಷ ಧರ್ಮಪುರಿ ಜಿಲ್ಲೆ ಬೇರೆಯಾದಾಗ ಅದರೊಳಗೆ ಬಂದ ಊರು. ಕನ್ನಡ, ತಮಿಳು, ತೆಲುಗು ಮೂರೂ ಮಾತುಗಳು ಈ ಸೀಮೆಯ ಸಂತೆಯಲ್ಲಿ ಒಟ್ಟಿಗೇ ಕೇಳಿಬರುತ್ತವೆ. ಈ ಭಾಗಕ್ಕೆ ಜೈನಧರ್ಮ ನಿನ್ನೆ ಮೊನ್ನೆ ಬಂದುದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ದೊರೆತ ಶಕ 815ರ, ಎಂದರೆ ಕ್ರಿ.ಶ. 893ರ ಕನ್ನಡ ಶಾಸನವೊಂದು ನೊಳಂಬ ಮಹೇಂದ್ರನ ಕಾಲದ್ದು. ಶ್ರೀಮಂಗಲದ ವರ್ತಕನೊಬ್ಬನ ಮಕ್ಕಳಾದ ನಿಧಿಯಣ್ಣ, ಚಂದಿಯಣ್ಣ ಎಂಬವರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದುದನ್ನೂ, ಅರಸನಿಂದ ಪಡೆದ ಮೂಲಪಳ್ಳಿ ಗ್ರಾಮವನ್ನು ನಿಧಿಯಣ್ಣನು ಸೇನಾನ್ವಯದ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದುದನ್ನೂ ಅದು ತಿಳಿಸುತ್ತದೆ. ಒಡೆದು ಬಿರಿದುದನ್ನು ಸರಿಪಡಿಸುವುದು ಅಂತಹ ದತ್ತಿಗಳ ಉದ್ದೇಶಗಳಲ್ಲಿ ಮುಖ್ಯವಾದುದು. ಸಿದ್ಧಾಂತ ಎಂಬ ಬಿರುದು ಆಗಮವನ್ನು ಬಲ್ಲವರಿಗೆ ಸಲ್ಲುತ್ತಿತ್ತೆಂಬುದನ್ನು ನೆನೆದರೆ, ತಗಡೂರಿನ ಆ ಬಸದಿಯಲ್ಲಿ ಓಲೆಗರಿಯ ಕಟ್ಟುಗಳೂ ಇದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಕಲ್ಲು ಉಳಿದಿದೆ, ಗರಿ ಉಳಿದಿಲ್ಲ.

ಗರಿ ಉಳಿದ ಕಡೆ ಏನಾಯಿತು ಎಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ ಜಯಧವಲಾ, ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ, ಇವುಗಳ ಹಳೆಗನ್ನಡ ಲಿಪಿಯ ತಾಡಪ್ರತಿಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. 12ನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆ ಗರಿಗಳಲ್ಲಿ ಮಸಿಯ ಬರವಣಿಗೆಯೊಡನೆ ಬಣ್ಣದ ಚಿತ್ರಗಳೂ ಇವೆ. ಯಾತ್ರಿಕರು ದೂರದಿಂದ ಬಂದು ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಓದುವವರು ಮಾತ್ರ ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸುವ ಪ್ರಯತ್ನ ಆರಂಭವಾದಾಗ ಎಷ್ಟೋ ಗರಿಗಳ ಅಂಚು ಮುರಿದಿದ್ದವು. ಮಹಾಬಂಧದ ಕೆಲವು ಗರಿಗಳು ಇರಲೇ ಇಲ್ಲ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ.

ಈ ಪ್ರಸಂಗವು ಎರಡು ಸಂಗತಿಗಳನ್ನು ಹೇಳುತ್ತದೆ. ಕಾಪಾಡಿದ ಕೈಗಳಿಲ್ಲದಿದ್ದರೆ ಆಗಮವೇ ಇರುತ್ತಿರಲಿಲ್ಲ ಎಂಬುದು ಒಂದು. ಮುಚ್ಚಿಯೇ ಇಟ್ಟ ಗ್ರಂಥ ಒಳಗೊಳಗೇ ಸವೆಯುತ್ತದೆ ಎಂಬುದು ಇನ್ನೊಂದು. ಹಾಗಾಗಿ ಒಳ್ಳೆಯ ಶಾಸ್ತ್ರಪೆಟ್ಟಿಗೆ ಎಂದರೆ ಭದ್ರವಾಗಿ ಮುಚ್ಚುವ ಪೆಟ್ಟಿಗೆಯಷ್ಟೇ ಅಲ್ಲ, ಗ್ರಂಥಕ್ಕೆ ನೋವಾಗದಂತೆ ಸುಲಭವಾಗಿ ತೆರೆಯಬಹುದಾದ ಪೆಟ್ಟಿಗೆ. ಮುಂದೆ ಹೇಳುವ ಅಳತೆಗಳೆಲ್ಲ ಈ ಮಾತಿಗೆ ಹೊಂದಿಕೊಂಡವು.

ಅಳತೆಯ ವಿಚಾರ

ಸಾಮಾನ್ಯವಾಗಿ ನಡೆಯುವ ತಪ್ಪು ಯಾವುದೆಂದರೆ, ಅಂಗಡಿಯಿಂದ ಅಂದವಾದ ಪೆಟ್ಟಿಗೆಯನ್ನು ತಂದು ಗ್ರಂಥವನ್ನು ಅದರೊಳಗೆ ಹಿಡಿಸಲು ಯತ್ನಿಸುವುದು. ಪೆಟ್ಟಿಗೆ ದೊಡ್ಡದಾದರೆ ಗ್ರಂಥ ಒಳಗೆ ಉರುಳಾಡಿ ಅಂಚುಗಳು ಜಜ್ಜುತ್ತವೆ; ಚಿಕ್ಕದಾದರೆ ಒತ್ತಿ ತುರುಕುವಾಗ ಬೆನ್ನು ಒಡೆಯುತ್ತದೆ. ಗ್ರಂಥವನ್ನು ಅಳೆದು ಅದಕ್ಕಾಗಿಯೇ ಪೆಟ್ಟಿಗೆಯನ್ನು ಮಾಡಬೇಕು. ಅಳೆಯುವಾಗ ಗ್ರಂಥದ ಉದ್ದ, ಅಗಲ, ದಪ್ಪಗಳನ್ನು ಮೂರು ಮೂರು ಕಡೆ ಅಳೆದು ಹೆಚ್ಚಿನದನ್ನು ತೆಗೆದುಕೊಳ್ಳುವುದು ಲೇಸು. ಹಳೆಯ ಪುಸ್ತಕಗಳು ಒಂದು ತುದಿಯಲ್ಲಿ ಉಬ್ಬಿರುವುದುಂಟು.

ಮನೆಯಲ್ಲಿ ಸ್ವಾಧ್ಯಾಯಕ್ಕೆ ಬಳಸುವ ಅಚ್ಚಿನ ಪುಸ್ತಕವೊಂದು 22 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪ ಇದೆಯೆಂದು ಇಟ್ಟುಕೊಳ್ಳೋಣ. ಅದಕ್ಕೆ ಸುತ್ತುವ ವೇಷ್ಟನವಸ್ತ್ರಕ್ಕಾಗಿ ಪ್ರತಿ ಅಳತೆಗೂ 1 ಸೆಂ.ಮೀ. ಕೂಡಿಸಬೇಕು. ಆಗ 23, 15, 6 ಆಗುತ್ತದೆ. ತೆಗೆದು ಇಡುವಾಗ ಎಡೆ ಇರಲೆಂದು ಮತ್ತೊಂದು ಸೆಂ.ಮೀ. ಕೂಡಿಸಿದರೆ 24, 16, 7. ಇದು ಪೆಟ್ಟಿಗೆಯ ಒಳಅಳತೆ.

ಓಲೆಗರಿಯ ಕಟ್ಟಾದರೆ ಲೆಕ್ಕ ಸ್ವಲ್ಪ ಬೇರೆ. ಗರಿಗಳ ಮೇಲೂ ಕೆಳಗೂ ಒಂದೊಂದು ಮರದ ಹಲಗೆ ಇರಲೇಬೇಕು. ಹಲಗೆಯು ಗರಿಗಿಂತ ಎಲ್ಲ ಕಡೆಯೂ ಅರ್ಧ ಸೆಂ.ಮೀ. ಹೆಚ್ಚಿರಬೇಕು. ಕೆಳಗೆ ಬಿದ್ದರೆ ಪೆಟ್ಟು ಹಲಗೆಗೆ ತಾಗಲಿ, ಗರಿಗೆ ಬೇಡ ಎಂಬುದು ಇದರ ಅರ್ಥ. 40 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಗರಿಗಳು 6 ಸೆಂ.ಮೀ. ಎತ್ತರಕ್ಕೆ ಇದ್ದು, ಹಲಗೆಗಳು ತಲಾ 1 ಸೆಂ.ಮೀ. ದಪ್ಪವಿದ್ದರೆ ಕಟ್ಟಿನ ಅಳತೆ 41, 5, 8. ವಸ್ತ್ರ ಮತ್ತು ಎಡೆ ಸೇರಿ ಪೆಟ್ಟಿಗೆಯ ಒಳಅಳತೆ 43, 7, 10 ಆಗುತ್ತದೆ. ಶ್ರೀತಾಳದ ಗರಿ ಅಗಲವಾಗಿಯೂ ಮೆದುವಾಗಿಯೂ ಇರುತ್ತದೆ. ಪನೆಯ ಗರಿ ಅದಕ್ಕಿಂತ ಕಿರಿದು, ದಪ್ಪ, ಬಿರುಸು. ಆದುದರಿಂದ ಒಂದು ಕಟ್ಟಿನ ಅಳತೆ ಇನ್ನೊಂದಕ್ಕೆ ಸಲ್ಲದು. ಗರಿಯ ತೂತಿನಲ್ಲಿ ಹಾಯುವ ದಾರವನ್ನು ಬಿಗಿದು ಎಳೆಯಬಾರದು. ಎಳೆದರೆ ತೂತು ಸೀಳುತ್ತದೆ. ಸಡಿಲವಾಗಿಯೂ ಬಿಡಬಾರದು. ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ನನ್ನನ್ನು ಕಾಪಾಡು ಎಂದು ಪುಸ್ತಕವೇ ಬೇಡಿಕೊಳ್ಳುವಂತೆ ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದುದು ಸುಮ್ಮನೆ ಅಲ್ಲ. ನಿಜವಾದ ಓಲೆಗರಿಯ ಕಟ್ಟು ಮನೆಯಲ್ಲಿದ್ದವರು ಅದನ್ನು ತಾವಾಗಿ ತೊಳೆಯುವುದು, ಎಣ್ಣೆ ಸವರುವುದು ಮುಂತಾದುವನ್ನು ಮಾಡದೆ ಬಲ್ಲವರಿಗೆ ತೋರಿಸುವುದೇ ಯೋಗ್ಯ. ಇಲ್ಲಿ ಹೇಳುತ್ತಿರುವುದು ಪೆಟ್ಟಿಗೆಯನ್ನು ಕುರಿತು ಮಾತ್ರ.

ರಟ್ಟಿನ ಪೆಟ್ಟಿಗೆಯನ್ನು ಕಟ್ಟುವ ಕ್ರಮ

ಮಕ್ಕಳ ಕೈಗೆ ಗರಗಸ, ಉಳಿಗಳನ್ನು ಕೊಡಲಾಗದು. ಅವರಿಗೆ ಪುಸ್ತಕ ಕಟ್ಟುವವರು ಬಳಸುವ 3 ಮಿ.ಮೀ. ದಪ್ಪದ ರಟ್ಟು ಸಾಕು. ಮೇಲೆ ಹೇಳಿದ 24, 16, 7ರ ಪೆಟ್ಟಿಗೆಗೆ ಹತ್ತು ತುಂಡುಗಳು ಬೇಕು. ಐದು ಪೆಟ್ಟಿಗೆಗೆ, ಐದು ಮುಚ್ಚಳಕ್ಕೆ.

ಪೆಟ್ಟಿಗೆಯ ತಳ 24 × 16 ಸೆಂ.ಮೀ. ಅಗಲದ ಕಡೆಯ ಗೋಡೆಗಳೆರಡು 16 × 7.3. ಉದ್ದದ ಕಡೆಯ ಗೋಡೆಗಳೆರಡು 24.6 × 7.3. ಈ 0.3 ಮತ್ತು 0.6 ಎಲ್ಲಿಂದ ಬಂದವೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. ಗೋಡೆಗಳು ತಳದ ಮೇಲೆ ನಿಲ್ಲುವುದಿಲ್ಲ, ತಳದ ಅಂಚಿಗೆ ಹೊರಗಿನಿಂದ ಒರಗಿ ನಿಲ್ಲುತ್ತವೆ; ಆದಕಾರಣ ತಳದ ದಪ್ಪ 3 ಮಿ.ಮೀ. ಎತ್ತರಕ್ಕೆ ಕೂಡುತ್ತದೆ. ಉದ್ದದ ಗೋಡೆಗಳು ಅಗಲದ ಗೋಡೆಗಳೆರಡರ ದಪ್ಪವನ್ನೂ ಮರೆಮಾಡಬೇಕಾದ್ದರಿಂದ ಅವುಗಳ ಉದ್ದಕ್ಕೆ 6 ಮಿ.ಮೀ. ಕೂಡುತ್ತದೆ. ಎಲ್ಲ ಸೇರಿ ಪೆಟ್ಟಿಗೆಯ ಹೊರಅಳತೆ 24.6, 16.6, 7.3.

ಮುಚ್ಚಳವು ಪೆಟ್ಟಿಗೆಯ ಮೇಲೆ ಕವಿದು ಕೂರಬೇಕು. ಪೆಟ್ಟಿಗೆಗೆ ಅಂಟಿಸುವ ಬಟ್ಟೆಯ ದಪ್ಪವನ್ನೂ ಸುಲಭವಾಗಿ ಜಾರಲು ಬೇಕಾದ ಎಡೆಯನ್ನೂ ಎಣಿಸಿ 4 ಮಿ.ಮೀ. ಹೆಚ್ಚು ಕೊಟ್ಟರೆ ಮುಚ್ಚಳದ ಮೇಲ್ಹಲಗೆ 25 × 17 ಆಗುತ್ತದೆ. ಅದರ ಅಗಲದ ಗೋಡೆಗಳು 17 × 3.3, ಉದ್ದದ ಗೋಡೆಗಳು 25.6 × 3.3. ಮುಚ್ಚಳವು ಪೆಟ್ಟಿಗೆಯ ಮೇಲಿನ 3 ಸೆಂ.ಮೀ. ಭಾಗವನ್ನು ಮುಚ್ಚುತ್ತದೆಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಚಿತ್ರ ಬರೆಯುವಾಗ ಇದರ ಪ್ರಯೋಜನ ತಿಳಿಯುತ್ತದೆ.

ರಟ್ಟನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚು ವಾರೆಯಾಗುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹಿಡಿದು ಚೂಪಾದ ಚಾಕುವಿನಿಂದ ಒಂದೇ ಗೆರೆಯ ಮೇಲೆ ನಾಲ್ಕೈದು ಸಲ ಹಗುರವಾಗಿ ಎಳೆಯಬೇಕು. ಈ ಕೆಲಸ ಹಿರಿಯರದು. ತುಂಡುಗಳ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಮೊದಲು ಅಗಲದ ಗೋಡೆಗಳನ್ನೂ ಆಮೇಲೆ ಉದ್ದದ ಗೋಡೆಗಳನ್ನೂ ಅಂಟಿಸಿ, ಮೂಲೆಮಟ್ಟವನ್ನಿಟ್ಟು ನೋಡಿ, ಹೊರಗಿನಿಂದ ದಾರ ಸುತ್ತಿ ರಾತ್ರಿಯಿಡೀ ಬಿಡಬೇಕು.

ಮರುದಿನ ಬಟ್ಟೆ ಹೊದಿಸುವ ಕೆಲಸ. ಪೆಟ್ಟಿಗೆಯ ಸುತ್ತಳತೆ 82.4 ಸೆಂ.ಮೀ. ಒಂದರ ಮೇಲೊಂದು ಬರಲು 2 ಸೆಂ.ಮೀ. ಸೇರಿಸಿ 84.4 ಉದ್ದದ ಪಟ್ಟಿ ಬೇಕು. ಎತ್ತರ 7.3ಕ್ಕೆ ಮೇಲೆ ಒಳಮಡಿಕೆಗೂ ಕೆಳಗೆ ತಳದ ಮಡಿಕೆಗೂ ಒಂದೂವರೆ ಒಂದೂವರೆ ಸೇರಿಸಿದರೆ ಪಟ್ಟಿಯ ಅಗಲ 10.3. ಅಂಟನ್ನು ರಟ್ಟಿಗೆ ಸವರಬೇಕು, ಬಟ್ಟೆಗಲ್ಲ. ಬಟ್ಟೆಗೆ ಸವರಿದರೆ ಅಂಟು ನೇಯ್ಗೆಯ ಸಂದಿನಿಂದ ಹೊರಕ್ಕೆ ಒಸರಿ ಕಲೆಯಾಗುತ್ತದೆ. ಹೊರಗೆ ಬಟ್ಟೆ ಅಂಟಿಸಿ ಒಳಗೆ ಏನೂ ಅಂಟಿಸದೆ ಬಿಟ್ಟರೆ ಒಣಗುವಾಗ ಗೋಡೆಗಳು ಹೊರಕ್ಕೆ ಬಾಗುತ್ತವೆ. ಎಷ್ಟೋ ಪೆಟ್ಟಿಗೆಗಳ ಮುಚ್ಚಳ ಕೂರದಿರುವುದಕ್ಕೆ ಕಾರಣ ಇದೇ. ಒಳಮೈಗೆ ಬಿಳಿಯ ಹತ್ತಿಕಾಗದವನ್ನು ಅಂಟಿಸಿದರೆ ಎರಡು ಕಡೆಯ ಎಳೆತವೂ ಸಮವಾಗುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ಅಗ್ಗದ ರಟ್ಟಿನಲ್ಲಿ ಆಮ್ಲಾಂಶವಿದ್ದು ಅದು ವರ್ಷಗಳು ಕಳೆದಂತೆ ತಾಗಿದ ಹಾಳೆಯನ್ನು ಹಳದಿ ಮಾಡಿ ಪುಡಿಯಾಗಿಸುತ್ತದೆ. ನಡುವೆ ಹತ್ತಿಕಾಗದವೂ ಹತ್ತಿವಸ್ತ್ರವೂ ಇದ್ದರೆ ಆ ಹಾನಿ ಬಹಳ ಮಟ್ಟಿಗೆ ತಗ್ಗುತ್ತದೆ.

ತಳದ ಮೇಲೆ ಅಡ್ಡಲಾಗಿ ಎರಡು ಬೆರಳಗಲದ ಹತ್ತಿಯ ಪಟ್ಟಿಯೊಂದನ್ನು ಹಾಸಿ ಅದರ ತುದಿಗಳನ್ನು ಮೇಲಕ್ಕೆ ಬಿಡಬೇಕು. ಗ್ರಂಥವನ್ನು ಎತ್ತುವಾಗ ಬೆರಳು ತುರುಕಿ ಕೀಳುವ ಪ್ರಮೇಯವಿಲ್ಲದೆ ಆ ಪಟ್ಟಿಯನ್ನು ಹಿಡಿದು ಎತ್ತಬಹುದು. ನೋಡಲು ಅತ್ಯಂತ ಸಣ್ಣದಾದ ಈ ಪಟ್ಟಿಯೇ ಗ್ರಂಥದ ಆಯುಷ್ಯವನ್ನು ಹೆಚ್ಚಿಸುತ್ತದೆ.

ಮರದಲ್ಲಿಯೇ ಮಾಡಿಸುವವರು ಬಡಗಿಗೆ ಹಳೆಯ ಮರವನ್ನು ಕೊಡುವುದು ಒಳ್ಳೆಯದು. ಬಿಚ್ಚಿದ ಬಾಗಿಲಿನ ಚೌಕಟ್ಟು, ಮುರಿದ ತೊಟ್ಟಿಲ ಹಲಗೆ, ಹಳೆಯ ತೇಗ, ಬೇವು ಇವು ಆಗಲೇ ಒಣಗಿ ಆಡುವುದನ್ನು ನಿಲ್ಲಿಸಿರುತ್ತವೆ. ಹಸಿಮರ ಒಂದು ಬೇಸಗೆ ಕಳೆಯುವಷ್ಟರಲ್ಲಿ ಬಿರಿಯುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಬಟ್ಟೆಯನ್ನು ಕೊರೆಯುವುದರಿಂದ ಬಿದಿರಿನ ಮೊಳೆ ಅಥವಾ ಹಿತ್ತಾಳೆಯ ತಿರುಪುಮೊಳೆ ಬಳಸಲು ಹೇಳಬೇಕು. ಪೆಟ್ಟಿಗೆಗೆ 5 ಸೆಂ.ಮೀ. ಎತ್ತರದ ನಾಲ್ಕು ಕಾಲುಗಳಿರಲಿ. ಗೆದ್ದಲು ಮಣ್ಣಿನ ಗೆರೆ ಕಟ್ಟಿಕೊಂಡೇ ಮೇಲೇರುತ್ತದೆ. ಕಾಲಿದ್ದರೆ ಆ ಗೆರೆ ಕಣ್ಣಿಗೆ ಬೀಳುತ್ತದೆ, ನೆಲಕ್ಕೆ ತಾಗಿದ ಪೆಟ್ಟಿಗೆಯಲ್ಲಿ ಬೀಳುವುದಿಲ್ಲ.

ಯಾವುದರಿಂದ ಅಲಂಕರಿಸಬಾರದು

ಕನ್ನಡನಾಡು ಅಲಂಕೃತ ಪೆಟ್ಟಿಗೆಗಳಿಗೆ ಹೆಸರಾದುದು. ಸಾಗರ, ಸೊರಬಗಳ ಗುಡಿಗಾರರ ಗಂಧದ ಪೆಟ್ಟಿಗೆ, ಮೈಸೂರಿನ ಬೀಟೆಮರದ ಮೇಲಿನ ಕೆತ್ತು ಜೋಡಣೆ, ಚನ್ನಪಟ್ಟಣದ ಅರಗಿನ ಬಣ್ಣದ ಡಬ್ಬಿ, ಇವುಗಳ ಅಂದಕ್ಕೆ ಮಾರುಹೋಗದವರಿಲ್ಲ. ಆದರೆ ಶಾಸ್ತ್ರಪೆಟ್ಟಿಗೆಗೆ ಅಂದವೊಂದೇ ಸಾಲದು. ಅಹಿಂಸೆಯನ್ನು ಬೋಧಿಸುವ ಗ್ರಂಥವನ್ನು ಹಿಂಸೆಯಿಂದ ಬಂದ ವಸ್ತುವಿನಲ್ಲಿ ಸುತ್ತಿಡುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಏಳುತ್ತದೆ.

ಶ್ರಾವಕಾಚಾರಗಳಲ್ಲಿ ಗೃಹಸ್ಥನು ಬಿಡಬೇಕಾದ ಹದಿನೈದು ಖರಕರ್ಮಗಳ ಪಟ್ಟಿ ಬರುತ್ತದೆ. ಅದರಲ್ಲಿ ದಂತವಾಣಿಜ್ಯ, ಲಾಕ್ಷಾವಾಣಿಜ್ಯ, ಕೇಶವಾಣಿಜ್ಯ, ವಿಷವಾಣಿಜ್ಯಗಳು ಸೇರಿವೆ. ಪೆಟ್ಟಿಗೆ ಮಾಡುವವನ ಸಾಮಾನುಗಳ ಚೀಲವನ್ನು ಮುಂದಿಟ್ಟುಕೊಂಡೇ ಈ ಪಟ್ಟಿಯನ್ನು ಬರೆದರೋ ಎಂಬಂತೆ ತೋರುತ್ತದೆ. ದಂತವೆಂದರೆ ಆನೆಯ ದಂತ. ಮೈಸೂರಿನ ಜೋಡಣೆ ಕೆಲಸದಲ್ಲಿ ಹಿಂದೆ ಧಾರಾಳವಾಗಿ ಬಳಕೆಯಲ್ಲಿದ್ದ ದಂತದ ವ್ಯಾಪಾರ 1986ರ ಕಾನೂನು ತಿದ್ದುಪಡಿಯ ಬಳಿಕ ನಿಂತು, ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿತು. ಲಾಕ್ಷೆಯೆಂದರೆ ಅರಗು. ಅರಗಿನ ಹುಳುಗಳು ಕೊಂಬೆಯ ಮೇಲೆ ಒಸರಿದ ಅಂಟನ್ನು ಕೆರೆದು ತೆಗೆಯುವಾಗ ಅಸಂಖ್ಯಾತ ಜೀವಗಳು ಅದರೊಂದಿಗೇ ಹೋಗುತ್ತವೆ. ಬಣ್ಣದಂಗಡಿಯಲ್ಲಿ ಚಂದ್ರಸ, ಫ್ರೆಂಚ್ ಪಾಲಿಷ್ ಎಂದು ಕೊಡುವ ಮೆರುಗುಗಳಲ್ಲಿ ಅರಗು ಇರುವುದುಂಟು, ಕೇಳಿ ಕೊಳ್ಳಬೇಕು. ಬಡಗಿಗಳು ಹಿಂದೆ ಬಳಸುತ್ತಿದ್ದ ಸರೇಸು ಪ್ರಾಣಿಗಳ ತೊಗಲು, ಎಲುಬುಗಳನ್ನು ಕುದಿಸಿ ತೆಗೆದದ್ದು. ನುಣುಪಾದ ಗೆರೆಗೆ ಚಿತ್ರಗಾರರು ಬಳಸುತ್ತಿದ್ದ ಕುಂಚ ಅಳಿಲಿನ ಕೂದಲಿನದು. ಬೆಳ್ಳಿಯ ವರ್ಕನ್ನು ತೊಗಲಿನ ಪದರಗಳ ನಡುವೆ ಇಟ್ಟು ಬಡಿದು ತೆಳುಮಾಡುವುದು ಹಳೆಯ ಕ್ರಮ. ಕವಡೆ, ಮುತ್ತು, ಶಂಖದ ಚೂರುಗಳ ಕತೆ ಹೇಳಬೇಕಾದುದಿಲ್ಲ.

ರೇಷ್ಮೆಯ ವಿಚಾರ ಈ ಸೀಮೆಗೆ ತೀರ ಹತ್ತಿರದ್ದು. ಧರ್ಮಪುರಿಯಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಸುತ್ತಿನ ಎಷ್ಟೋ ರೈತಕುಟುಂಬಗಳಿಗೆ ಹಿಪ್ಪುನೇರಳೆಯೇ ಅನ್ನ. ಅವರ ದುಡಿಮೆಯನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ಆದರೆ ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದ ಮೇಲೆಯೇ ಆ ನೂಲು ಅಖಂಡವಾಗಿ ಬಿಚ್ಚಿಕೊಳ್ಳುತ್ತದೆಂಬುದು ತಿಳಿದ ಸಂಗತಿ. ಪತಂಗ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂತ ಬಟ್ಟೆಯೂ ದೊರೆಯುತ್ತದೆ, ಬೆಲೆ ಹೆಚ್ಚು. ಶಾಸ್ತ್ರಕ್ಕೆ ಹತ್ತಿಯ ಬಟ್ಟೆಗಿಂತ ಉತ್ತಮವಾದುದನ್ನು ಹುಡುಕಬೇಕಾಗಿಯೇ ಇಲ್ಲ. ಸೇಲಂ ಕಡೆಯ ಕೈಮಗ್ಗದ ಹತ್ತಿವಸ್ತ್ರ ಸುಲಭವಾಗಿ ಸಿಗುತ್ತದೆ. ಹೊಸ ಬಟ್ಟೆಯನ್ನು ಮಾತ್ರ ಹಾಗೆಯೇ ಬಳಸಕೂಡದು. ಅದರಲ್ಲಿರುವ ಗಂಜಿ ಹುಳುಗಳನ್ನು ಕರೆಯುತ್ತದೆ. ಎರಡು ಮೂರು ಸಲ ಬಿಸಿನೀರಿನಲ್ಲಿ ತೊಳೆದು ಗಂಜಿಯನ್ನು ಕಳೆಯಬೇಕು. ಕೆಂಪು ಬಟ್ಟೆ ಸುತ್ತುವ ರೂಢಿ ಹಳೆಯದು, ಒಳ್ಳೆಯದು. ಆದರೆ ಬಣ್ಣ ಬಿಡುವ ಬಟ್ಟೆ ಮಳೆಗಾಲದ ತೇವಕ್ಕೆ ಗ್ರಂಥವನ್ನೇ ಕೆಂಪಾಗಿಸೀತು. ನೀರು ತಿಳಿಯಾಗುವವರೆಗೆ ತೊಳೆಯದ ಬಟ್ಟೆ ಶಾಸ್ತ್ರಕ್ಕೆ ತಕ್ಕುದಲ್ಲ.

ಅಂಟಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಮೈದಾ ಅಂಟು ಅಗ್ಗ, ಸಸ್ಯಮೂಲದ್ದು. ಆದರೆ ಅದು ಜಿರಳೆಗೂ ಪುಸ್ತಕದ ಹುಳುವಿಗೂ ಆಹಾರ. ಆದುದರಿಂದಲೇ ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತವನ್ನು ಬೆರೆಸುತ್ತಾರೆ. ಮೊದಲು ಹುಳುವಿಗೆ ಊಟ ಬಡಿಸಿ ಆಮೇಲೆ ಅದರಲ್ಲಿ ವಿಷ ಬೆರೆಸಿದಂತೆ ಇದಾಯಿತು. ಹುಳುವಿಗೆ ಆಹಾರವೇ ಆಗದ ಬಿಳಿಯ ರಾಸಾಯನಿಕ ಅಂಟನ್ನು, ಜನ ಫೆವಿಕಾಲ್ ಎನ್ನುವುದನ್ನು, ಪೆಟ್ಟಿಗೆಗೆ ಮಾತ್ರ ಬಳಸಿದರೆ ಅದು ಬರುವುದೇ ಇಲ್ಲ, ಕೊಲ್ಲುವ ಪ್ರಸಂಗವೂ ಇಲ್ಲ. ಗ್ರಂಥದ ಹಾಳೆಗೆ ಅದನ್ನು ತಾಗಿಸಬಾರದು. ಹಾಗೆಯೇ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕುವ ಬದಲು ಬಜೆಯ ಬೇರು, ಲವಂಗ, ಕರಿಜೀರಿಗೆ, ಒಣಗಿದ ಬೇವಿನೆಲೆ ಇವನ್ನು ಜಜ್ಜಿ ಚಿಕ್ಕ ಬಟ್ಟೆಯ ಗಂಟು ಕಟ್ಟಿ ಮೂಲೆಯಲ್ಲಿಡುವುದು ಹಿರಿಯರ ಪದ್ಧತಿ. ವಾಸನೆ ಹಿಡಿಸದೆ ಹುಳು ತಾನಾಗಿ ದೂರವಿರುತ್ತದೆ. ಗಂಟನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ವಾಸನೆ ಹೋದ ಗಂಟು ತಾನೇ ಹುಳುವಿನ ಮನೆಯಾಗುತ್ತದೆ.

ಪೂರ್ವಕಾಲದ ಪ್ರತಿಗಳಿಗೂ ರೇಷ್ಮೆ ಸುತ್ತಿದುದುಂಟು, ಅರಗಿನ ಬಣ್ಣ ಬಳಸಿದುದುಂಟು. ಅವರನ್ನು ದೂಷಿಸುವುದು ಸಲ್ಲದು. ಅವರಿಗೆ ದೊರೆತುದರಲ್ಲಿ ಅವರು ಶ್ರುತವನ್ನು ಉಳಿಸಿದರು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಕಟ್ಟುಗಳಿಗೆ ಸಾವಿರ ಜೊತೆ ಹಲಗೆ, ದಾರ, ವಸ್ತ್ರ ಬೇಕಾಗಿರಬೇಕಲ್ಲವೆ? ಕವಿಯ ಹೆಸರೂ ದಾನಿಯ ಹೆಸರೂ ಉಳಿದಿವೆ. ಆ ಹಲಗೆಗಳನ್ನು ಕೊರೆದವರ ಹೆಸರು ಯಾರಿಗೂ ತಿಳಿಯದು.

ಚಿತ್ರಗಳು

ಗುಜರಾತ, ರಾಜಸ್ಥಾನಗಳ ಶ್ವೇತಾಂಬರ ಭಂಡಾರಗಳಲ್ಲಿ ಮರದಿಂದಲೂ ಕಾಗದದ ಮುದ್ದೆಯಿಂದಲೂ ಮಾಡಿದ ಚಿತ್ರಿತ ಪೆಟ್ಟಿಗೆಗಳಿವೆ. ಅವುಗಳ ಮೇಲೆ ಅಷ್ಟಮಂಗಲಗಳನ್ನೂ ತೀರ್ಥಂಕರಮಾತೆಯ ಹದಿನಾಲ್ಕು ಸ್ವಪ್ನಗಳನ್ನೂ ಬರೆಯುತ್ತಿದ್ದರು. ಜೈಸಲಮೇರಿನ ಭಂಡಾರದ ಚಿತ್ರಿತ ಹಲಗೆಗಳು 12ನೆಯ ಶತಮಾನದಷ್ಟು ಹಳೆಯವು. ದಿಗಂಬರ ಸಂಪ್ರದಾಯದಲ್ಲಿ ಸ್ವಪ್ನಗಳು ಹದಿನಾರು: ಆನೆ, ವೃಷಭ, ಸಿಂಹ, ಲಕ್ಷ್ಮಿ, ಎರಡು ಹೂಮಾಲೆ, ಚಂದ್ರ, ಸೂರ್ಯ, ಜೋಡಿ ಮೀನು, ಜೋಡಿ ಪೂರ್ಣಕಲಶ, ತಾವರೆಯ ಸರೋವರ, ಸಮುದ್ರ, ಸಿಂಹಾಸನ, ದೇವವಿಮಾನ, ನಾಗಭವನ, ರತ್ನರಾಶಿ, ಹೊಗೆಯಿಲ್ಲದ ಅಗ್ನಿ. ಹದಿನಾರೆಂಬ ಸಂಖ್ಯೆ ಪೆಟ್ಟಿಗೆ ಮಾಡುವವರಿಗೆ ಬಹಳ ಅನುಕೂಲ. ಮುಚ್ಚಳದ ಮೇಲ್ಮೈ 25.6 × 17.6 ಇದೆ, ಸುತ್ತ 1 ಸೆಂ.ಮೀ. ಅಂಚು ಬಿಟ್ಟರೆ 23.6 × 15.6. ಅದನ್ನು ನಾಲ್ಕು ನಾಲ್ಕಾಗಿ ಭಾಗಿಸಿದರೆ ಪ್ರತಿ ಮನೆಗೆ 5.9 × 3.9 ಸೆಂ.ಮೀ. ದೊರೆಯುತ್ತದೆ. ಮಗುವಿನ ಕೈಗೂ ಆನೆಯೊಂದನ್ನು ಬರೆಯಲು ಇಷ್ಟು ಜಾಗ ಸಾಕು. ಹದಿನಾರು ಮಕ್ಕಳಿರುವ ಪಾಠಶಾಲೆಯಾದರೆ ಒಬ್ಬೊಬ್ಬರಿಗೆ ಒಂದೊಂದು ಸ್ವಪ್ನ.

ಸುತ್ತಿನ ಗೋಡೆಗಳಿಗೆ ಅಷ್ಟಮಂಗಲದ್ರವ್ಯಗಳು ಹೊಂದುತ್ತವೆ. ಭೃಂಗಾರ, ಕಲಶ, ದರ್ಪಣ, ಚಾಮರ, ಧ್ವಜ, ಬೀಸಣಿಗೆ, ಛತ್ರ, ಸುಪ್ರತಿಷ್ಠ ಎಂಬ ಎಂಟು. ಗೋಡೆಗೆ ಎರಡರಂತೆ ನಾಲ್ಕು ಗೋಡೆಗೆ ಸರಿಯಾಗುತ್ತವೆ. ಇವನ್ನು ಪೆಟ್ಟಿಗೆಯ ಕೆಳಗಿನ 4 ಸೆಂ.ಮೀ. ಭಾಗದಲ್ಲಿ ಮಾತ್ರ ಬರೆಯಬೇಕು. ಮೇಲಿನ 3 ಸೆಂ.ಮೀ. ಮುಚ್ಚಳದ ಒಳಗೆ ಹೋಗುವುದರಿಂದ ಅಲ್ಲಿ ಬರೆದ ಛತ್ರದ ತುದಿ ಎರಡು ಸಲ ತೆಗೆದು ಮುಚ್ಚುವಷ್ಟರಲ್ಲಿ ಉಜ್ಜಿಹೋಗುತ್ತದೆ. ತೀರ್ಥಂಕರರ ಬಿಂಬವನ್ನು ಪೆಟ್ಟಿಗೆಯ ಮೇಲೆ ಬರೆಯದಿರುವುದೇ ಲೇಸು. ಪೆಟ್ಟಿಗೆಯೆಂದ ಮೇಲೆ ಅದರ ಮೇಲೆ ಇನ್ನೊಂದು ಪೆಟ್ಟಿಗೆ ಬಂದು ಕೂರುತ್ತದೆ, ಅವಸರದಲ್ಲಿ ಯಾರೋ ಕನ್ನಡಕವನ್ನು ಇಡುತ್ತಾರೆ; ಆಶಾತನೆಗೆ ದಾರಿ ಮಾಡುವುದು ಬೇಡ.

ಬಣ್ಣಗಳಲ್ಲಿ ಕಾವಿ, ಸುಣ್ಣದ ಬಿಳುಪು, ದೀಪದ ಕಾಡಿಗೆ, ನೀಲಿ ಇವು ನಂಬಬಹುದಾದವು. ಅರಿಸಿನ ನೋಡಲು ಚೆಂದ, ಬೆಳಕಿಗೆ ಬೇಗ ಮಾಸುತ್ತದೆ. ಹಳೆಯ ಚಿತ್ರಗಳ ಹೊಳೆಯುವ ಹಳದಿ ಹರಿದಾಳದಿಂದಲೂ ಕೆಂಪು ಇಂಗುಲಿಕದಿಂದಲೂ ಬಂದುದು. ಇವೆರಡೂ ವಿಷಪದಾರ್ಥಗಳಾದ್ದರಿಂದ ಮಕ್ಕಳ ಬಳಿಗೆ ತರಕೂಡದು. ಬಣ್ಣ ಹಿಡಿಯಲು ಜಾಲಿಯ ಗೋಂದು ಸಾಕು. ಕುಂಚ ಕೃತಕ ಎಳೆಯದಿರಲಿ. ಎಷ್ಟೇ ಉತ್ಸಾಹವಿದ್ದರೂ ಪೆಟ್ಟಿಗೆಯ ಒಳಮೈಗೆ ಬಣ್ಣವಾಗಲಿ ವಾರ್ನಿಷ್ ಆಗಲಿ ಬಳಿಯಬಾರದು. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿ ಹೋಗಲು ದಾರಿಯಿಲ್ಲದೆ ಗ್ರಂಥವನ್ನೇ ಸೇರುತ್ತದೆ.

ಮುಚ್ಚಳದ ಒಳಬದಿಗೆ ಒಂದು ಹಾಳೆಯನ್ನು ಅಂಟಿಸಿ ಅದರಲ್ಲಿ ಗ್ರಂಥದ ಹೆಸರು, ಪುಟಗಳ ಅಥವಾ ಗರಿಗಳ ಸಂಖ್ಯೆ, ಪೆಟ್ಟಿಗೆ ಮಾಡಿದ ವರ್ಷ ಇವಿಷ್ಟನ್ನು ಸೀಸದ ಕಡ್ಡಿಯಿಂದ ಬರೆಯಬೇಕು. ಶಾಯಿ ತೇವಕ್ಕೆ ಹರಡುತ್ತದೆ. 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಪ್ರಕಟಿಸಿದರು. ಯಾವ ಭಂಡಾರದಲ್ಲಿ ಏನಿದೆ ಎಂಬುದು ಅಂತಹ ಪಟ್ಟಿಗಳಿಂದಲೇ ಹೊರಗಿನವರಿಗೆ ತಿಳಿದುದು. ಒಂದು ಮನೆಯ ಒಂದು ಪೆಟ್ಟಿಗೆಗೂ ಅದರ ಸೂಚಿ ಇರಲಿ. ಅದೇ ಹಾಳೆಯ ಕೆಳಗೆ ಪ್ರತಿವರ್ಷ ಪಂಚಮಿಯಂದು ತೆರೆದು ನೋಡಿದ ದಿನಾಂಕವನ್ನೂ, ಎಣಿಸಿದಾಗ ದೊರೆತ ಪುಟಸಂಖ್ಯೆಯನ್ನೂ ಬರೆಯುತ್ತ ಹೋದರೆ, ಯಾವ ವರ್ಷ ಯಾವುದು ಕಡಿಮೆಯಾಯಿತೆಂಬುದು ಮುಂದಿನವರಿಗೆ ತಿಳಿಯುತ್ತದೆ.

ಕೆಲಸವನ್ನು ಹಬ್ಬದ ಹಿಂದಿನ ದಿನ ಮುಗಿಸುವಂತೆ ಯೋಜಿಸಬಾರದು. ಅಂಟು, ಬಣ್ಣಗಳ ವಾಸನೆ ಪೂರ್ತಿ ಹೋಗಲು ಮುಚ್ಚಳ ತೆರೆದು ನೆರಳಿನಲ್ಲಿ ಹದಿನೈದು ದಿನವಾದರೂ ಇಡಬೇಕು. ವೈಶಾಖ ಹುಣ್ಣಿಮೆಯೊಳಗೆ ಮುಗಿಸಿದರೆ ಜ್ಯೇಷ್ಠದ ಪಂಚಮಿಗೆ ಪೆಟ್ಟಿಗೆ ಹದವಾಗಿರುತ್ತದೆ. ಅಂದು ಬೆಳಿಗ್ಗೆ ಮೂಗಿನ ಹತ್ತಿರ ಹಿಡಿದು ನೋಡಿ, ಬಜೆಯ ವಾಸನೆಯ ಹೊರತು ಬೇರೇನೂ ಬಾರದಿದ್ದರೆ ಪಟ್ಟಿಯನ್ನು ಹಾಸಿ ಗ್ರಂಥವನ್ನು ಇರಿಸಬಹುದು.